ಬುತ್ತಿಯ ಹಿಂದೆ ಮರೆಯಾಗಿದ್ದ ಬೋರ್ಡು

ಬೆಂಡೆ ಹೂವಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಅದು ಆರುವ ತನಕ ಕ್ರಾಸಿಂಗ್, ಅಂದರೆ ಹೂವಿಗೆ ಹೂವು ಮುಟ್ಟಿಸುವ ಕೆಲಸ ಶುರುವಾಗುವುದಿಲ್ಲ. ಕುಷ್ಟಗಿ ಕಡೆಯ ಈ ಬೀಜದ ಪ್ಲಾಟಿನ ಗೇಟಿನೆದುರು, ಜಾಲಿ ಗಿಡದ ಬುಡದಲ್ಲಿ ಕುಂತ ಹೊಳಿಯಮ್ಮ ಒಣಕಡ್ಡಿಯೊಂದನ್ನು ಹಿಡಿದು ಮಣ್ಣಿನ ಮೇಲೆ ಇಂಗ್ಲಿಷಿನ ಎರಡು ಅಕ್ಷರ ಬರೆಯುತ್ತಾರೆ: ಎ, ವೈ.

"ಇದು ಗಂಡು ಹೂ ಅಂತ ತಿಳೀರಿ. ಒಂದ ಗಂಡು ಹೂ ತಗೊಂಡು ನಾಕೈದು ಹೆಣ್ಣು ಹೂವಿಗೆ ಮುಟ್ಟಸ್ತೀವೋ ಇಲ್ಲೋ? ಹಂಗ. ಮುಂದ ಒಂದೊಂದು ಅಕ್ಷರ ಹಚ್ಚರಿ."

ಸುತ್ತ ಕುಂತ ಹೆಂಗಸರು ಹಚ್ಚತೊಡಗುತ್ತಾರೆ. ಡಿ ಬಂದರೆ ಡೇ, ದಿನ. ಡಬ್ಲ್ಯೂ ಬಂದರೆ ವೇ, ದಾರಿ. ಎಸ್ ಬಂದರೆ ಸೇ, ಹೇಳು. ಪಿ ಬಂದರೆ ಪೇ, ಕೂಲಿ ಕೊಡು.

"ಆ ಪೇ ಮೊದಲ ನಮ್ಮ ಮೇಸ್ತ್ರಿಗೆ ಕಲಸವ್ವ," ಎಂದು ಹಸನಬೀ ಚುಚ್ಚುತ್ತಾರೆ. ಜಾಲಿ ಗಿಡದ ಕೆಳಗೆ ನಗೆ ಏಳುತ್ತದೆ.

ಹೊಳಿಯಮ್ಮನಿಗೆ ನಲವತ್ತರ ಆಸುಪಾಸು. ಸಂಜೆ ಮೊಗ್ಗು ಸುಲಿದು ಉಗುರಿನಿಂದ ಕೇಸರ ಕೀಳುವುದು, ಬೆಳಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸಿ ತೊಟ್ಟಿಗೆ ಕೆಂಪು ದಾರ ಕಟ್ಟುವುದು ಅವರ ಕೆಲಸ. ಮಧ್ಯಾಹ್ನಕ್ಕೆ ಹೂವು ಮುದುಡುತ್ತದೆ, ಅಷ್ಟರೊಳಗೆ ಸಾಲು ಮುಗಿಯಬೇಕು. ಬೀಜದ ಪೊಟ್ಟಣದ ಮೇಲೆ ಕಂಪನಿಯ ಹೆಸರು ಹೊಳೆಯುತ್ತದೆ. ಬಿರುಕುಬಿಟ್ಟ ಈ ಉಗುರುಗಳ ಹೆಸರು ಎಲ್ಲಿಯೂ ಇರುವುದಿಲ್ಲ.

ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ಹೊಳಿಯಮ್ಮ ಮತ್ತೆ ಕಡ್ಡಿ ಹಿಡಿದದ್ದು ಗೇಟಿನ ಕಂಬದಲ್ಲಿರುವ ಒಂದು ಮೊಳೆಯಿಂದಾಗಿ. ಔಷಧ ಹೊಡೆದಾಗ ಬೋರ್ಡು ತೂಗುಹಾಕಲು ಬಡಿದ ಮೊಳೆ ಅದು. ಇರುವೆಗೂ ನಾಯಿಗೂ ಸಿಗದಂತೆ ಬುತ್ತಿ ಇಡಲು ಹೆಂಗಸರಿಗೆ ಅದಕ್ಕಿಂತ ಛಲೋ ಜಾಗ ಕಂಡಿರಲಿಲ್ಲ. ಹೋದ ವರ್ಷ ಒಂದು ಬೆಳಗ್ಗೆ ಎಲ್ಲರ ಬುತ್ತಿ ಗಂಟುಗಳೂ ಅದಕ್ಕೇ ಜೋತುಬಿದ್ದವು. ಗಂಟುಗಳ ಹಿಂದೆ ಬೋರ್ಡು ಮುಚ್ಚಿಹೋಯಿತು. ಮುಚ್ಚದಿದ್ದರೂ ಓದುವವರು ಯಾರಿದ್ದರು? ಅದರಲ್ಲಿದ್ದದ್ದು ಮೂರೇ ಇಂಗ್ಲಿಷ್ ಪದ: ಸ್ಪ್ರೇ, ಸ್ಟೇ ಅವೇ. ಔಷಧ ಹೊಡೆದಿದೆ, ದೂರ ಇರಿ.

ಅಂದು ಹಸನಬೀ ಸಾಲಿನ ನಡುವೆ ವಾಂತಿ ಮಾಡಿಕೊಂಡು ಬಿದ್ದರು. ಆಸ್ಪತ್ರೆಗೆ ಹೊತ್ತೊಯ್ದವರು ಜೊತೆಯ ಹೆಂಗಸರೇ. ಕಂಪನಿಯವರು "ಬೋರ್ಡು ಹಾಕಿದ್ದೆವಲ್ಲ" ಎಂದು ಜಾರಿಕೊಂಡರು. ಓದುವವರಿಗೆ ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆ ಕಾಪಾಡುವುದು ಬರೆಸಿದವರನ್ನು ಮಾತ್ರ.

ಮರುದಿನ ಹೊಳಿಯಮ್ಮ ಹೈಸ್ಕೂಲು ಓದುವ ಮಗಳು ನೇತ್ರಾವತಿಯನ್ನು ಬೋರ್ಡಿನ ಮುಂದೆ ತಂದು ನಿಲ್ಲಿಸಿದರು. "ಅವ್ವಾ, ಮೂರೂ ಪದದ ಬಾಲ ಒಂದ ಐತಿ ನೋಡು," ಎಂದಳು ಹುಡುಗಿ. ಆ ಬಾಲ ಹಿಡಿದೇ ಇಬ್ಬನಿ ಆರುವ ಹೊತ್ತಿನ ಈ ಸಾಲೆ ಶುರುವಾಯಿತು. ಬುತ್ತಿಗಳು ಜಾಲಿ ಗಿಡಕ್ಕೆ ಹೋದವು.

ಹೋದ ವಾರ ಗೇಟಿಗೆ ಬೋರ್ಡು ತೂಗುಹಾಕಿದಾಗ ಹೆಂಗಸರು ಅದನ್ನು ಓದಿ ಒಳಗೆ ಕಾಲಿಡಲಿಲ್ಲ. ಮೇಸ್ತ್ರಿ ವಿರೂಪಾಕ್ಷಪ್ಪ ಗದರಿದರು: "ಯಲಬುರ್ಗಾ ಕಡಿಂದ ಬ್ಯಾರೆ ಆಳು ತರ್ತೇನಿ. ಆಮ್ಯಾಲ ನಿಮ್ಮ ಇಂಗ್ಲಿಷ್ ಉಣ್ರಿ."

"ತರ್ರಿ. ಅವರಿಗೂ ಓದಿ ಹೇಳ್ತೇನಿ," ಎಂದಿದ್ದರು ಹೊಳಿಯಮ್ಮ.

ನಿನ್ನೆ ಸಂಜೆ ಮತ್ತೆ ಔಷಧ ಹೊಡೆದಿದ್ದಾರೆ. ಬೋರ್ಡು ಗೇಟಿನಲ್ಲಿದೆ. ಮೇಸ್ತ್ರಿ ಹೇಳಿದಂತೆಯೇ ಆಳು ತುಂಬಿದ ಟಂಟಂ ಆಟೊ ಒಂದು ಬಂದು ನಿಲ್ಲುತ್ತದೆ. ಇಳಿದ ಹೊಸ ಹೆಂಗಸರಲ್ಲಿ ಒಬ್ಬಾಕೆ ಸೀದಾ ಕಂಬಕ್ಕೆ ಹೋಗಿ ಬುತ್ತಿ ಎತ್ತುತ್ತಾಳೆ. ಹೊಳಿಯಮ್ಮ ಎದ್ದು ಓಡುತ್ತಾರೆ.

"ತಂಗೀ, ಆ ಮೊಳಿಗೆ ಹಾಕಬ್ಯಾಡವ್ವ."

"ಯಾಕ, ಮೊಳಿ ನಿಮ್ಮಪ್ಪಂದೇನು?"

"ಅಲ್ಲಬೇ. ನಿನ್ನ ಬುತ್ತಿ ಹಿಂದಿನ ಬೋರ್ಡಿನಾಗ ನಿನಗ ಒಂದು ಮಾತು ಬರದಾರ. ಔಷಧ ಹೊಡದೈತಿ, ದೂರ ಇರು ಅಂತ."

ಹಸನಬೀ ದನಿಗೂಡಿಸುತ್ತಾರೆ: "ಹೋದ ವರ್ಷ ನನ್ನ ರೊಟ್ಟಿ ಇಲ್ಲಿ ಸುಖವಾಗಿ ಜೋತಾಡತಿತ್ತು. ನಾ ಅಲ್ಲಿ ಸಾಲಿನಾಗ ಬಿದ್ದಿದ್ದೆ."

"ಏ ಹೊಳಿಯವ್ವ, ಬಾಯಿ ಮುಚ್ಚು. ಗಾಳಿಗೆ ಎಲ್ಲಾ ಹೋಗೈತಿ. ಹೂ ಬಾಡ್ತಾವ, ನಡೀರಿ ಒಳಗ!" ವಿರೂಪಾಕ್ಷಪ್ಪ ಕೂಗುತ್ತಾರೆ.

"ಹೂ ನಾಳಿಗೆ ಮತ್ತ ಅರಳ್ತಾವ್ರಿ ಅಣ್ಣಾರ. ಹೋಗೈತಿ ಅಂದ್ರ ನೀವ ಮುಂದ ನಡೀರಿ. ನಿಮ್ಮ ಹೆಜ್ಜಿ ಹಿಂದ ನಾವು."

ಗೇಟು ತೆರೆದೇ ಇದೆ. ವಿರೂಪಾಕ್ಷಪ್ಪ ಒಮ್ಮೆ ಬೆಂಡೆಯ ಸಾಲು ನೋಡುತ್ತಾರೆ, ಒಮ್ಮೆ ಬೋರ್ಡು ನೋಡುತ್ತಾರೆ. ಆಮೇಲೆ ಜೇಬಿನಿಂದ ಫೋನು ತೆಗೆದು, ಗೇಟಿಗೆ ಬೆನ್ನು ಮಾಡಿ ದೂರ ಸರಿಯುತ್ತಾರೆ. ಕಾಲು ಒಳಗೆ ಹೋಗುವುದಿಲ್ಲ.

ಹೊಸದಾಗಿ ಬಂದಾಕೆ ತನ್ನ ಬುತ್ತಿಯನ್ನು ಜಾಲಿ ಗಿಡದ ಟೊಂಗೆಗೆ ಸಿಕ್ಕಿಸಿ, ಮಣ್ಣಿನ ಅಕ್ಷರಗಳ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಾಳೆ. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂಡುತ್ತಾರೆ. ಹೂವುಗಳು ಅರಳಿವೆ. ಅವನ್ನು ಇವತ್ತು ಮುಟ್ಟುವವರಿಲ್ಲ.

ನಿಮಗೇನು ಬೇಕು ಎಂದು ಇದನ್ನೆಲ್ಲ ನೋಡುತ್ತ ನಿಂತ ನಾನು ಕೇಳಿದರೆ ಹೊಳಿಯಮ್ಮ ಸೆರಗಿನಿಂದ ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ.

"ನಾವು ಇಂಗ್ಲಿಷ್ ಕಲಿಯೂದು ಬಿಡೂದಿಲ್ರಿ, ಅದು ನಮ್ಮ ಖುಷಿ. ಆದ್ರ ಜೀವ ಉಳಿಸ್ಕೊಳ್ಳಾಕ ಪರೀಕ್ಷಿ ಯಾಕ ಪಾಸಾಗಬೇಕು? ಬೋರ್ಡಿಗೆ ಕನ್ನಡ ಕಲಸ್ರಿ. ಮತ್ತ, ಬುತ್ತಿಗೆ ಬ್ಯಾರೆ ಒಂದು ಮೊಳಿ ಹೊಡೀರಿ."