ಚಿಪ್ಪಿ ಸುಣ್ಣದ ಗೋಡೆ

ಕಳೆದ ತಿಂಗಳು ಕುಮಟೆಯ ಕಡೆ ನೆಂಟರ ಮನೆಗೆ ಹೋಗುವಾಗ ದಾರಿಬದಿಯ ಸಿಗಡಿ ಕೆರೆಗೆ ಇಬ್ಬರು ಸುಣ್ಣ ಸುರಿಯುತ್ತಿದ್ದರು. ಸುಣ್ಣ ನೀರಿಗೆ ಬಿದ್ದು ಬುಸುಗುಟ್ಟಿತು. ಆ ಬಿಸಿ ವಾಸನೆ ಮೂಗಿಗೆ ಹೊಡೆದದ್ದೇ ರಿಕ್ಷಾ ನಿಲ್ಲಿಸಲು ಹೇಳಿದೆ. "ಎಂತ ಆತು?" ಎಂದ ಡ್ರೈವರ್. ಎಂತದ್ದೂ ಇಲ್ಲ ಎಂದೆ. ನಮ್ಮ ಗಾರೆ ಮೇಸ್ತ್ರಿ ಹತ್ತಿರ ಬಂದು ನಿಂತರೆ ಬರುತ್ತಿದ್ದ ವಾಸನೆ ಅದು...

ಹೊನ್ನಾವರದಲ್ಲಿ ಬಂದರಿಗೆ ಇಳಿಯುವ ಹಳೇ ಬೀದಿಯಲ್ಲಿ ನಮ್ಮ ಅಂಗಡಿ ಇತ್ತು. ಒಂದೇ ಹಂಚಿನ ಮಾಡಿನ ಕೆಳಗೆ ಹನ್ನೆರಡು ಅಂಗಡಿಗಳು. ಕೆಂಪು ಚಿರೇಕಲ್ಲಿನ ದಪ್ಪ ಗೋಡೆ, ಒಂದೊಂದಾಗಿ ತೆಗೆದಿಡಬೇಕಾದ ಹಲಗೆ ಬಾಗಿಲು. ಮಾವನವರು ನಡೆಸಿದ್ದ ನೋಟ್‌ಬುಕ್, ಪಂಚಾಂಗದ ಅಂಗಡಿಯಲ್ಲಿ ಅವರ ನಂತರ ನಾನು ಕೂತೆ. ದೋಣಿ ದಾಟಿ ಬರುವವರೆಲ್ಲ ಹಿಂದೆ ಆ ಬೀದಿಯಲ್ಲೇ ಹಾದು ಹೋಗುತ್ತಿದ್ದರಂತೆ. ನನ್ನ ಕಾಲಕ್ಕೆ ಗಿರಾಕಿಗಳೆಲ್ಲ ಹೆದ್ದಾರಿಯ ಕಡೆ ಸರಿದಾಗಿತ್ತು. ಸಾಲನ್ನು ಕೆಡವಿ ಹೊಸದು ಕಟ್ಟುವ ಮಾತು ಬಂದಾಗ, ಅಂಗಡಿಕಾರರ ಸಂಘದ ಕಾರ್ಯದರ್ಶಿಯಾಗಿದ್ದ ನಾನೇ ಸಭೆಯಲ್ಲಿ ಎದ್ದು ನಿಂತು ಹೇಳಿದೆ: ಇದನ್ನು ಕೆಡವುವುದು ಬೇಡ, ಮೊದಲು ಹೇಗಿತ್ತೋ ಹಾಗೇ ದುರಸ್ತಿ ಮಾಡೋಣ. ಹಿನ್ನೀರಿಗೆ ದೋಣಿ ವಿಹಾರಕ್ಕೆ ಬರುವವರು ಅಂಗಡಿಯೊಳಗೂ ಬರುತ್ತಾರೆ, ಬೀದಿಗೆ ಮತ್ತೆ ಜೀವ ಬರುತ್ತದೆ. ಎಲ್ಲರೂ ಒಪ್ಪಿದರು.

ಹಾಗೆ ಕರೆಸಿದ್ದು ಮೇಸ್ತ್ರಿಯನ್ನು. ಆಗಲೇ ಅರವತ್ತು ದಾಟಿದ ಮನುಷ್ಯ. ಸುಣ್ಣದಿಂದ ಬೆರಳ ತುದಿಗಳು ಬಿರಿದು ಬೆಳ್ಳಗಾಗಿದ್ದವು. ಮೊದಲ ದಿನ ಹನ್ನೆರಡೂ ಅಂಗಡಿಗಳ ಗೋಡೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದರು. ನಾನು ಅಂಗಡಿಗೆ ಕೂರುವ ಮೊದಲು ಎರಡು ವರ್ಷ ಶಾಲೆಯಲ್ಲಿ ಕಲಿಸಿದ್ದೆ. ಹಾಗಾಗಿ ಅವರ ಬಾಯಲ್ಲಿ ನಾನು ಕೊನೆತನಕ ಅಕ್ಕೋರು.

ಮಾದರಿಗೆಂದು ನನ್ನ ಅಂಗಡಿಯನ್ನೇ ಮೊದಲು ಹಿಡಿದರು. ಹಿತ್ತಿಲಲ್ಲಿ ಗುಂಡಿ ತೋಡಿ, ಚಿಪ್ಪಿ ಸುಟ್ಟು ಮಾಡಿದ ಸುಣ್ಣವನ್ನು ನೀರು ಹಾಕಿ ಅರಳಿಸಿದರು. ಅದು ಕೊಳೆಯಲು ವಾರಗಟ್ಟಲೆ ಬೇಕು. ದಿನಾ ಬಂದು ಕೋಲಿನಿಂದ ಕಲಕಿ, ಮುಚ್ಚಿ, ಎದುರಿನ ಕಟ್ಟೆಯಲ್ಲಿ ಕೂತು ಎಲೆಯಡಿಕೆ ಹಾಕಿ ಹೋಗುತ್ತಿದ್ದರು. "ಮೇಸ್ತ್ರಿ ಕೆಲಸ ಮಾಡ್ತ್ರೋ, ಗುಂಡಿ ಕಾಯ್ತ್ರೋ?" ಎಂದು ಪಕ್ಕದ ಬಟ್ಟೆ ಅಂಗಡಿಯವರು ನನ್ನನ್ನು ಕೇಳುತ್ತಿದ್ದರು. ಕೊನೆಗೆ ಮರಳು, ಬೆಲ್ಲದ ನೀರು ಕೂಡಿಸಿ ಗೋಡೆಗೆ ಬಳಿದು, ನುಣ್ಣಗಿನ ಕಲ್ಲಿನಿಂದ ತಿಕ್ಕಿ ತಿಕ್ಕಿ ಮುಗಿಸಿದಾಗ ಎರಡು ತಿಂಗಳಾಗಿತ್ತು. ಮಧ್ಯಾಹ್ನದ ಸೆಕೆಯಲ್ಲಿ ಗಿರಾಕಿ ಇಲ್ಲದಾಗ ಆ ಗೋಡೆಗೆ ಕೆನ್ನೆ ಒತ್ತಿ ಕೂರುತ್ತಿದ್ದೆ. ಅಷ್ಟು ತಂಪು.

ಉಳಿದವರಿಗೆ ದೀಪಾವಳಿಯೊಳಗೆ ಎಲ್ಲ ಮುಗಿಯಬೇಕಿತ್ತು. ಒಬ್ಬ ಗುತ್ತಿಗೆದಾರ ಸಿಕ್ಕಿದ. ಹನ್ನೊಂದು ಅಂಗಡಿಗೂ ಮೂರು ವಾರದಲ್ಲಿ ಸಿಮೆಂಟ್ ಹಾಕಿ, ಹಳೆಯದರಂತೆಯೇ ಕಾಣುವ ಬಣ್ಣ ಹೊಡೆದುಕೊಡುತ್ತೇನೆ ಎಂದ. ಸಭೆಗೆ ಮೇಸ್ತ್ರಿಯನ್ನೂ ಕರೆದೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ.

"ಅಕ್ಕೋರೆ, ಚಿರೇಕಲ್ಲು ಮಳೆಗಾಲದಲ್ಲಿ ನೀರು ಕುಡೀತದೆ, ಬೇಸಗೆಲಿ ಬಿಡ್ತದೆ. ಸಿಮೆಂಟ್ ಮೆತ್ತಿದ್ರೆ ಒಳಗೆ ಹೋದ ನೀರು ಹೊರಗೆ ಎಲ್ಲಿಂದ ಬರೂದು?"

"ಗೇರುಸೊಪ್ಪೆ ಡ್ಯಾಮನ್ನೇ ಸಿಮೆಂಟಲ್ಲಿ ಕಟ್ಟಿದಾರೆ ಮಾರಾಯ್ರೆ," ಎಂದರು ಯಾರೋ. ಎಲ್ಲರೂ ನಕ್ಕರು. ಮೇಸ್ತ್ರಿ ನನ್ನ ಮುಖ ನೋಡಿದರು. ಬೀದಿ ಉಳಿಸೋಣ ಎಂದವಳು ನಾನು, ಅವರ ಪರವಾಗಿ ನಾನಾದರೂ ಮಾತಾಡಬೇಕಿತ್ತು. ಹನ್ನೊಂದು ಜನರ ಎದುರು ನಾನು ತಲೆ ಬಗ್ಗಿಸಿ ಪೆನ್ನು ತೆಗೆದೆ. ಠರಾವು ಪುಸ್ತಕದಲ್ಲಿ ‘ಸರ್ವಾನುಮತ’ ಎಂದು ಬರೆದದ್ದು ನನ್ನದೇ ಕೈ.

ದೀಪಾವಳಿಗೆ ಬೀದಿ ಚೆಂದ ಕಂಡಿತು, ಸುಳ್ಳು ಹೇಳಬಾರದು. ಜನ ಬಂದರು, ಹಲಗೆ ಬಾಗಿಲಿಗೆ ಒರಗಿ ಫೋಟೋ ತೆಗೆಸಿಕೊಂಡರು. ಮುಚ್ಚಿದ್ದ ಎರಡು ಅಂಗಡಿಗಳು ತೆರೆದವು. ಒಂದು ದಿನ ಮೇಸ್ತ್ರಿಯೂ ಬಂದು ಎದುರಿನ ಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತರು. "ಚೆಂದ ಕಾಣ್ತದೆ," ಎಂದಷ್ಟೇ ಹೇಳಿ ಹೋದರು. ವ್ಯಂಗ್ಯವೋ, ನಿಜವೋ... ಇವತ್ತಿಗೂ ತಿಳಿಯದು.

ಎರಡನೇ ಮಳೆಗಾಲಕ್ಕೆ ಗೋಡೆಗಳ ಬುಡ ಕಪ್ಪಾಯಿತು. ತೊಲೆಯ ತುದಿಗಳು ಬೆರಳಿಗೆ ಹುಡಿಯಾಗಿ ಬರತೊಡಗಿದವು. ಬಟ್ಟೆ ಅಂಗಡಿಯ ಗೋಡೆ ಹೊಟ್ಟೆ ಬಂದಂತೆ ಉಬ್ಬಿತು. ನಾನು ಮೇಸ್ತ್ರಿಯ ಮನೆಗೆ ಓಡಿದೆ. ಉಬ್ಬಸದಿಂದ ಮಲಗಿದ್ದವರು ಅಂಗಿ ಹಾಕಿಕೊಂಡು ನನ್ನ ಜೊತೆಗೇ ಹೊರಟರು. ಬಟ್ಟೆ ಅಂಗಡಿಯವರು ತಾವೇ ಏಣಿ ಹಿಡಿದು ನಿಂತರು. ಮೇಸ್ತ್ರಿ ಉಳಿಯಿಂದ ಸಿಮೆಂಟನ್ನು ಮೆಲ್ಲಗೆ ಎಬ್ಬಿಸಿದರು. ಅದರ ಜೊತೆ ಕಲ್ಲೂ ಎದ್ದು ಬಂತು, ಒದ್ದೆ ಮಣ್ಣಿನ ಹಾಗೆ. ಇನ್ನೊಂದು ಕಡೆ ನೋಡಿದರು. ಅಲ್ಲೂ ಹಾಗೇ.

"ಬಿಡಿಸೂಕೆ ಹೋದ್ರೆ ಕಲ್ಲೇ ಬತ್ತದೆ. ಎಂತ ಮಾಡೂದು ಅಕ್ಕೋರೆ?"

ಏನು ಮಾಡಬೇಕು ಎಂದು ಅವರು ಅದುವರೆಗೆ ನನ್ನನ್ನು ಕೇಳಿದವರಲ್ಲ. ಉಳಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ನಾನು ನೀರು ತಂದುಕೊಟ್ಟೆ. ಮತ್ತೆ ನನ್ನಿಂದ ಆದದ್ದೇನೂ ಇಲ್ಲ.

ವಾರದೊಳಗೆ ಆ ಗೋಡೆ ಬಿತ್ತು. ಬೆಳಗಿನ ಹೊತ್ತು, ಅಂಗಡಿ ತೆರೆದಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ನೋಡಲು ಬಂದ ಇಂಜಿನಿಯರು ಮಾಡು ಒಂದೇ ಆದ್ದರಿಂದ ಇಡೀ ಸಾಲನ್ನೇ ತೆಗೆಯಬೇಕು ಎಂದರು. ನನ್ನದು ಗಟ್ಟಿ ಇದೆ ಎಂದು ಹೇಳಿ ನೋಡಿದೆ. "ಒಂದು ಅಂಗಡಿ ಒಂದೇ ನಿಲ್ಲೂದು ಹೇಗೆ ಮೇಡಂ?" ಎಂದರು. ಹನ್ನೊಂದು ಅಂಗಡಿಗಳು ಜೆಸಿಬಿಯ ಒಂದೊಂದು ನೂಕಿಗೆ ಕೂತವು. ನನ್ನ ಗೋಡೆಗೆ ಮಾತ್ರ ಅದು ಮತ್ತೆ ಮತ್ತೆ ಹಿಂದೆ ಸರಿದು ಬರಬೇಕಾಯಿತು. ಅದನ್ನು ನೋಡುತ್ತ ನಿಲ್ಲುವುದು...

ಮೇಸ್ತ್ರಿಗೆ ಸುದ್ದಿ ಹೇಳಲು ನಾನು ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ. ಮುಂದಿನ ಮಳೆಗೆ ಮೊದಲೇ ಅವರು ತೀರಿಕೊಂಡರು. ಅವರ ಮಗ ಟೈಲ್ಸ್ ಕೂರಿಸುವ ಕೆಲಸದಲ್ಲಿದ್ದಾನೆ.

ಈಗ ಆ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ. ನಾನು ಹೆದ್ದಾರಿ ಬದಿಯ ಬಾಡಿಗೆ ಅಂಗಡಿಯಲ್ಲಿದ್ದೇನೆ. ಮೊನ್ನೆ ಭಟ್ಕಳದಿಂದ ಒಬ್ಬರ ಫೋನ್ ಬಂತು. ಅಲ್ಲಿ ಹಳೇ ಪೇಟೆಯ ಒಂದು ಸಾಲು ಮನೆಗಳನ್ನು ಮೊದಲಿನಂತೆಯೇ ರಿಪೇರಿ ಮಾಡಿಸಬೇಕಂತೆ, ನನಗೆ ಅನುಭವ ಉಂಟು ಎಂದು ಯಾರೋ ಹೇಳಿದ್ದಾರಂತೆ. ಸಿಮೆಂಟ್ ಮುಟ್ಟಿಸಬೇಡಿ, ಚಿಪ್ಪಿ ಸುಣ್ಣವೇ ಆಗಬೇಕು ಎಂದೆ. ಸಭೆಯಲ್ಲಿ ಹೇಳದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ಅವರಿಗೆ ಹೇಳಿದೆ.

ಪಾಪ, ಗಮನವಿಟ್ಟು ಕೇಳಿದರು. ಸುಣ್ಣ ಎಷ್ಟು ದಿನ ಕೊಳೆಯಬೇಕು, ಬೆಲ್ಲ ಎಷ್ಟು ಎಂದು ವಿಚಾರಿಸಿದರು. ವಾರಗಟ್ಟಲೆ ಬೇಕು ಎಂಬುದು ಬಿಟ್ಟರೆ ನನಗೆ ಲೆಕ್ಕ ಗೊತ್ತಿರಲಿಲ್ಲ. ಮೇಸ್ತ್ರಿ ಎರಡು ಬೆರಳ ನಡುವೆ ಉಜ್ಜಿ ನೋಡಿ "ಆತು" ಎನ್ನುತ್ತಿದ್ದರು, ಅಷ್ಟೇ ನಾನು ನೋಡಿದ್ದು.

"ಆತು ಬಿಡಿ, ಆ ಕೆಲಸ ಗೊತ್ತಿದ್ದವರ ನಂಬರ್ ಇದ್ರೆ ಕೊಡಿ," ಎಂದರು.

ಹುಡುಕಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.