ನಾಗರತ್ನ ಮಿಸ್ ಕೊಟ್ಟ ಕಷ್ಟದ ಲೆಕ್ಕ

ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾವುದಾದರೂ ಮಗು ಕೇಳಿಬಿಟ್ಟರೆ ನಾಗರತ್ನ ಮಿಸ್ ಜೋರಾಗಿ ನಗುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಯ್ಯೋ, ಇದು ನಂಗೂ ಗೊತ್ತಿಲ್ವಲ್ಲ! ಯಾರು ಹುಡುಕ್ಕೊಂಡು ಬರ್ತೀರಾ?" ಎನ್ನುತ್ತಿದ್ದರು. ಆ ನಗು ಚಾಮರಾಜಪೇಟೆಯ ಆ ಹಳೆಯ ಶಾಲೆಯ ಗೇಟಿನವರೆಗೂ ಕೇಳಿಸುತ್ತಿತ್ತು.

ನನ್ನ ಮಗಳು ಪ್ರೇರಣಾ ಆ ವರ್ಷ ನಾಲ್ಕನೇ ತರಗತಿಗೆ ಬಂದಿದ್ದಳು. ಪಾಠ ಒಮ್ಮೆ ಕೇಳಿದರೆ ಸಾಕು, ಅವಳಿಗೆ ಬಂದುಬಿಡುತ್ತಿತ್ತು. ಹಿಂದಿನ ವರ್ಷದ ಟೀಚರ್ ಅವಳಿಗೆ ಉಳಿದ ಮಕ್ಕಳ ಲೆಕ್ಕ ತಿದ್ದುವ ಕೆಲಸ ಕೊಟ್ಟಿದ್ದರು. ತಪ್ಪು ಹಾಕಿಸಿಕೊಂಡ ಮಕ್ಕಳು ಅವಳನ್ನು ಆಟಕ್ಕೆ ಸೇರಿಸುವುದನ್ನೇ ಬಿಟ್ಟರು. ಆಮೇಲೆ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಶುರುವಾಯಿತು. ಡಾಕ್ಟರ್ ಏನೂ ಇಲ್ಲವೆಂದರು. ನನ್ನ ಗಂಡ ಶಾಲೆ ಬದಲಾಯಿಸೋಣ ಎಂದರು.

ನಾಲ್ಕನೇ ತರಗತಿಗೆ ಹೊಸದಾಗಿ ಬಂದಿದ್ದವರು ನಾಗರತ್ನ ಮಿಸ್. ಟಿ.ಸಿ. ಕೇಳೋಣವೆಂದು ಹೋದ ನಾನು ಅವರ ಮೇಜಿನ ಮುಂದೆ ನಿಂತೇ ಇದ್ದೆ. ನಮ್ಮ ಮನೆಯಲ್ಲಿ ಯಾರೂ ಟೀಚರ ಎದುರು ಕೂತು ಮಾತಾಡಿದವರಲ್ಲ. ಅಪ್ಪ ಕಲಾಸಿಪಾಳ್ಯದಲ್ಲಿ ಮೂಟೆ ಹೊರುತ್ತಿದ್ದವರು, ನನ್ನ ಶಾಲೆಯ ಒಳಗೇ ಬರಲಿಲ್ಲ. ನಾನು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಅಂಜಿಕೆ ಹೋಗಿರಲಿಲ್ಲ.

"ಕೂತ್ಕೊಳ್ಳಿ ಅಮ್ಮಾ," ಎಂದು ಅವರೇ ಕುರ್ಚಿ ಎಳೆದರು. ಎಲ್ಲ ಕೇಳಿದ ಮೇಲೆ, "ಭಾನುವಾರ ಹೊಟ್ಟೆನೋವು ಬರುತ್ತಾ?" ಎಂದರು.

"ಇಲ್ಲ ಮಿಸ್."

"ಹಾಗಾದ್ರೆ ಮಗೂಗೆ ಬೇಜಾರಾಗಿದೆ. ಗೊತ್ತಿರೋದನ್ನೇ ದಿನವೆಲ್ಲ ಕೇಳ್ತಾ ಕೂತ್ಕೊಳ್ಳಿ ಅಂದ್ರೆ ನಿಮ್ಮ ಕೈಲಾಗುತ್ತಾ? ಇನ್ಮೇಲೆ ಪುಸ್ತಕ ತಿದ್ದೋದು ಬೇಡ. ಅದು ನನ್ನ ಕೆಲಸ, ಸಂಬಳ ನಂಗೆ ಬರುತ್ತೆ. ಇವಳು ಕಲಿಯೋಕೆ ಬಂದಿದಾಳೆ. ಟಿ.ಸಿ. ಆಮೇಲೆ ನೋಡೋಣ."

ತರಗತಿಯಲ್ಲಿ ಆಯತದ ವಿಸ್ತೀರ್ಣದ ಪಾಠ ನಡೆದಾಗ ಪ್ರೇರಣಾ ಎಲ್ಲರಿಗಿಂತ ಮೊದಲು ಮುಗಿಸಿ ಕಿಟಕಿಯಾಚೆ ನೋಡುತ್ತಿದ್ದಳಂತೆ. ಮಿಸ್ ಅಂಗಳದಿಂದ ಒಂದು ಬಾದಾಮಿ ಎಲೆ ತಂದು ಅವಳ ಮುಂದಿಟ್ಟು, "ಇದರದ್ದು ಕಂಡುಹಿಡಿ," ಎಂದರು. ಎಲೆಗೆ ಉದ್ದ ಅಗಲ ಎಂದು ಹಿಡಿಯಲು ಎಲ್ಲಿದೆ? ಎಷ್ಟು ಹೊತ್ತು ಒದ್ದಾಡಿದರೂ ಬರಲಿಲ್ಲ. ಹಾಳೆ ಹರಿದು ಹಾಕಿ ಅತ್ತಳು.

ಸಂಜೆ ಗೇಟಿನ ಹತ್ತಿರ ಮಿಸ್ ನನ್ನನ್ನು ಕರೆದು, "ಇವತ್ತು ನಿಮ್ಮ ಮಗಳು ಅತ್ತಳು. ನಂಗೆ ಖುಷಿಯಾಯ್ತು," ಎಂದರು.

ನನಗೆ ಸಿಟ್ಟೇ ಬಂತು. "ಅಳಿಸಿ ಖುಷಿಪಡ್ತೀರಾ ಮಿಸ್?"

"ಇಲ್ಲೀತನಕ ಯಾವುದಕ್ಕೂ ಕಷ್ಟಪಟ್ಟೇ ಇಲ್ಲ ಅವಳು. ದೊಡ್ಡವಳಾದ್ಮೇಲೆ ಮೊದಲನೇ ಸಲ ಬರಲ್ಲ ಅಂತಾದ್ರೆ ಮುರಿದು ಹೋಗ್ತಾಳೆ. ಈಗ್ಲೇ ಆಗ್ಲಿ, ನಾನು ಪಕ್ಕದಲ್ಲಿರ್ತೀನಿ."

ಮರುದಿನ ನಾನು ಏಳುವ ಮೊದಲೇ ಮಗಳು ಎದ್ದು ಕೂತಿದ್ದಳು. ಹೊಟ್ಟೆನೋವಿನ ಸುದ್ದಿಯೇ ಇಲ್ಲ, ಎಲೆಯದೇ ಚಿಂತೆ. ಕೊನೆಗೆ ದಾರಿ ತೋರಿಸಿದವಳು ಪಕ್ಕದ ಬೆಂಚಿನ ಆಯಿಷಾ. ಚೌಕಗಳಿರುವ ಲೆಕ್ಕದ ಪುಸ್ತಕದ ಮೇಲೆ ಎಲೆ ಇಟ್ಟು ಸುತ್ತ ಗೆರೆ ಎಳೆದು, "ಒಳಗಿರೋ ಮನೆ ಎಣಿಸೋಣ ಕಣೇ," ಎಂದಳಂತೆ. ಅರ್ಧರ್ಧ ಸಿಕ್ಕ ಚೌಕಗಳನ್ನು ಏನು ಮಾಡಬೇಕೆಂದು ಇಬ್ಬರೂ ಜಗಳವಾಡಿ, ಜೋಡಿಸಿ ಎಣಿಸಿದರು. ಆ ಸಂಜೆ ಪ್ರೇರಣಾ ಆಯಿಷಾಳ ಕೈ ಹಿಡಿದುಕೊಂಡೇ ಹೊರಗೆ ಬಂದಳು. ನಾನು ಟಿ.ಸಿ. ಮಾತೆತ್ತಲಿಲ್ಲ.

ವರ್ಷದ ಕೊನೆಗೆ ಮಿಸ್ ನಿವೃತ್ತರಾಗಿ ತಮ್ಮನ ಊರಿಗೆ ಹೊರಟರು. ಹೊರಡುವ ಮುಂಚೆ ಗಾಂಧಿ ಬಜಾರ್‌ನಲ್ಲಿ ಹೂ ಕೊಳ್ಳುತ್ತಾ ನನಗೂ ಮಗಳಿಗೂ ಸಿಕ್ಕರು. ಅದೇ ಕೊನೆಯ ಭೇಟಿ.

"ನೀವು ಹೋದ್ರೆ ಇವಳ ಗತಿ ಏನು ಮಿಸ್?"

"ನೀವಿದೀರಲ್ಲ! ಮುಂದಿನ ಟೀಚರ್ ಹತ್ರ ಹೋಗಿ ಕಷ್ಟದ ಲೆಕ್ಕ ಕೇಳಿ. ದೂರು ಹೇಳಿದ ಹಾಗೆ ಬೇಡ, ಸಮಾಧಾನವಾಗಿ ಕೇಳಿ. ಕೊಡ್ತಾರೆ." ಕೊಂಡ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ಮಗಳ ಜಡೆಗೆ ಮುಡಿಸಿ ಆಟೋ ಹತ್ತಿದರು.

ಜೂನ್‌ನಲ್ಲಿ ಐದನೇ ತರಗತಿಗೆ ಬಂದವರು ಒಬ್ಬ ಯುವ ಮೇಷ್ಟರು. ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಅಂಜಿಕೆ ಇನ್ನೂ ಇತ್ತು. ಆದರೂ ಹೇಳಿದೆ: "ಸರ್, ಇವಳಿಗೆ ಈ ಪಾಠ ಆಗ್ಲೇ ಬರುತ್ತೆ. ಸ್ವಲ್ಪ ತಲೆ ಕೆಡಿಸ್ಕೊಳ್ಳೋವಂಥದ್ದು ಕೊಡ್ತೀರಾ? ಬರಲಿಲ್ಲ ಅಂತ ಅತ್ತರೂ ಪರವಾಗಿಲ್ಲ. ಜೊತೆಗೆ ಇನ್ನೊಂದು ಮಗು ಕೂತಿದ್ರೆ ಒಳ್ಳೇದು."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನೀವೂ ಟೀಚರಾ ಮೇಡಂ?"

"ಇಲ್ಲ ಸರ್," ಎಂದೆ. "ಒಬ್ಬರು ಮಿಸ್ ಹೇಳಿಕೊಟ್ರು."