ಕಾಯಿಲೆ ಪಡಿಯ ಮೇಸ್ತ್ರಮ್ಮ

ಮೇಸ್ತ್ರಮ್ಮನ ಹುಬ್ಬುಗಳು ಬೆಳ್ಳಗಿದ್ದವು. ವಯಸ್ಸಿನಿಂದಲ್ಲ, ತೌಡಿನಿಂದ. ಮದ್ದೂರಿನ ನಮ್ಮ ಅಕ್ಕಿ ಗಿರಣಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುವ ಹೆಂಗಸರಿಗೆಲ್ಲ ಆಕೆ ಮೇಲಾಳು. ಬೆಳಗಿನಿಂದ ಸಂಜೆಯವರೆಗೆ ಹಾರುವ ತೌಡು ಮಿಕ್ಕವರ ಮೈಮೇಲೆ ಬಂದು ಹೋಗುವ ನೆಂಟನಂತೆ ಕೂರುತ್ತಿತ್ತು. ಆಕೆಯ ಹುಬ್ಬಿನಲ್ಲಿ ಮಾತ್ರ ಕಾಯಂ ಬಿಡಾರ ಹೂಡಿತ್ತು. ಸಂತೆಯ ದಿನ ಮಿಂದು, ಕಪ್ಪು ಹುಬ್ಬಿನಲ್ಲಿ ಬೀದಿಗೆ ಬಂದರೆ ಗಿರಣಿಯವರಿಗೇ ಗುರುತು ಸಿಗುತ್ತಿರಲಿಲ್ಲ. ನಾನೇ ಒಮ್ಮೆ, "ಯಾರಮ್ಮ ನೀವು, ಯಾವೂರು?" ಎಂದು ಕೇಳಿ, "ನಿಮ್ಮವ್ವನ ತಂಗಿ ಕಣಪ್ಪ, ಊಟಕ್ಕಿಕ್ಕು" ಎಂದು ಅನ್ನಿಸಿಕೊಂಡಿದ್ದೆ.

ನಾನು ಆ ಗಿರಣಿಯ ರೈಟರು. ಅದೊಂದು ದೊಡ್ಡ ಹುದ್ದೆಯೆಂದು ಕೊತ್ತತ್ತಿಯಲ್ಲಿದ್ದ ನಮ್ಮಪ್ಪ ಕೊನೆಯುಸಿರಿನವರೆಗೂ ನಂಬಿದ್ದರು. ಒಳಕ್ಕೆ ಹೋದ ಭತ್ತದ ಮೂಟೆ, ಹೊರಕ್ಕೆ ಬಂದ ಅಕ್ಕಿಯ ಮೂಟೆ ನೋಡಿಕೊಳ್ಳುವುದಷ್ಟೇ ಅದರ ವೈಭವ. ಆದರೆ ಕೋಟು ತೊಟ್ಟು ನೋಡಿಕೊಳ್ಳುತ್ತಿದ್ದೆ. ನನಗೂ ಮೂಟೆ ಹೊರುವ ಹಮಾಲಿಗಳಿಗೂ ಇದ್ದ ಅಂತರ ಆ ಕೋಟು. ಅದನ್ನು ನಾನು ಚರ್ಮಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಯುದ್ಧದ ಕಾಲ. ಅಕ್ಕಿ ಗಿರಣಿಯಲ್ಲಿ ದುಡಿಯುವವರ ಮನೆಯಲ್ಲೇ ಅಕ್ಕಿ ಇರುತ್ತಿರಲಿಲ್ಲ. ಕೂಲಿಯ ಜೊತೆಗೆ ಗಿರಣಿಯ ಸಾಹುಕಾರರು ಅಳೆದುಕೊಡುವ ಅಕ್ಕಿಯ ಪಡಿಯಿಂದಲೇ ಒಲೆ ಉರಿಯಬೇಕು. ಇತ್ತ ನಾಲೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಕಬ್ಬು, ಭತ್ತ, ಸೊಳ್ಳೆ ಮೂರೂ ಹುಲುಸಾಗಿ ಬೆಳೆದಿದ್ದವು. ಮನೆಗೊಬ್ಬರಂತೆ ಚಳಿಜ್ವರದಲ್ಲಿ ನಡುಗುತ್ತಿದ್ದರು. ಸಾಹುಕಾರರು ಮೈಸೂರಿಗೆ ಹೋಗಿ ಯಾವುದೋ ಭಾಷಣ ಕೇಳಿಬಂದು, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಧರ್ಮಶಾಸ್ತ್ರದ ಗತ್ತಿನಲ್ಲಿ ಒಂದು ಕಾನೂನು ಹೊರಡಿಸಿದರು. ಕಾಯಿಲೆ ಬಿದ್ದವರಿಗೆ ವಾಸಿಯಾಗುವ ತನಕ ಅರ್ಧ ಪಡಿ. ಆದರೆ ಕಾಯಿಲೆಯವನು ಮನೆಯಲ್ಲಿ ಬಿದ್ದಿರಬೇಕು. ಯಾವ ಕೆಲಸಕ್ಕೂ ಕೈ ಹಾಕಕೂಡದು. ಕೈ ಹಾಕಿದ್ದು ಕಂಡುಬಂದರೆ ಪಡಿ ನಿಂತಿತು. ಮಾರನೆಯ ದಿನವೇ ಗಿರಣಿಗೆ ಬರಬೇಕು. ಕಂಡುಹಿಡಿಯುವ ಹೊಣೆ ಮೇಸ್ತ್ರಮ್ಮನದು.

ಆಕೆ ಅದಕ್ಕೆ ತಕ್ಕವರೇ. ಸುಳ್ಳು ಆಡಿದವರಲ್ಲ, ಆಡಿಸಿದವರೂ ಅಲ್ಲ. ಕಾಯಿಲೆ ಪಡಿ ತಿನ್ನುವವರೆಂದರೆ ಮೊದಮೊದಲು ಆಕೆಗೆ ತಾತ್ಸಾರವೇ ಇತ್ತು. "ಉಂಡ್ಕೊಂಡು ಮಲಗಾಕೆ ಇದೇನು ಮಾವನ ಮನೇನಾ?" ಎನ್ನುತ್ತಿದ್ದರು. ಹೇಳದೆ ಕೇಳದೆ ಹಿತ್ತಿಲ ಬಾಗಿಲಿನಿಂದ ನುಗ್ಗುವುದು ಆಕೆಯ ಪದ್ಧತಿ. "ಮುಂದ್ಲ ಬಾಗ್ಲಲ್ಲಿ ಎಲ್ರೂ ಕಾಯ್ಲೆಯೋರೇ ಕಣಪ್ಪ. ಇತ್ಲಲ್ಲಿ ನೋಡ್ಬೇಕು."

ಹಾಗೆ ಹಿತ್ತಿಲಲ್ಲಿ ಸಿಕ್ಕಿದ ಮೊದಲ ಬೇಟೆ ಚಿಕ್ಕತಾಯಮ್ಮ, ಆತಗೂರಿನ ಕಡೆಯ ಕೇರುವ ಹೆಂಗಸು. ಜ್ವರದಲ್ಲಿದ್ದವಳು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಮೇಸ್ತ್ರಮ್ಮ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದರು: "ನೀರು ಒರ್ತಿದ್ಲು ಸ್ವಾಮಿ." ಸಾಹುಕಾರರು, "ನೀರು ಹೊರುವ ತ್ರಾಣ ಇದ್ದವಳಿಗೆ ಮೊರ ಹಿಡಿಯುವ ತ್ರಾಣ ಇಲ್ಲವೇ?" ಎಂದರು. ಪಡಿ ನಿಂತಿತು. ಮಾರನೆಯ ದಿನ ಚಿಕ್ಕತಾಯಮ್ಮ ಬಂದು ಮೊರ ಹಿಡಿದಳು. ಅವಳು ಕೇರಬೇಕಾಗಿಯೇ ಇರಲಿಲ್ಲ. ನಡುಕಕ್ಕೆ ಮೊರ ತಾನೇ ಕುಣಿದು ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲುತ್ತಿತ್ತು. ಮೇಸ್ತ್ರಮ್ಮ ಬಯ್ಯಲಿಲ್ಲ. ಬಗ್ಗಿ ಆ ಅಕ್ಕಿಯನ್ನು ಬಾಚಿ ಮತ್ತೆ ಮೊರಕ್ಕೆ ಹಾಕಿದರು. ಅವತ್ತಿನಿಂದ ಹೆಂಗಸರ ಜೊತೆ ಕೂತು ಬುತ್ತಿ ಬಿಚ್ಚುವುದನ್ನು ಬಿಟ್ಟುಬಿಟ್ಟರು.

ಅದಾದ ಸ್ವಲ್ಪ ದಿನಕ್ಕೆ ನಾನು ಮಲಗಿದೆ. ನನ್ನದು ದಿನ ಬಿಟ್ಟು ದಿನ ಬರುವ ಚಳಿ. ಬಂದ ದಿನ ಮನೆಯ ಕಂಬಳಿಗಳೆಲ್ಲ ನನ್ನ ಮೇಲೆ. ಬಾರದ ದಿನ, ಬಣ್ಣಗೆಟ್ಟಿದ್ದರೂ ಎದ್ದು ಓಡಾಡುವ ಮನುಷ್ಯ. ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ಬಂಡೂರಿನ ಅವಳ ತವರಿನಲ್ಲಿ ತಾಯಿ ಇರಲಿಲ್ಲವಾಗಿ ಹೆರಿಗೆ ನಮ್ಮಲ್ಲೇ ಆಗಿತ್ತು. ಬಟ್ಟೆ ಒಯ್ಯಬೇಕಾದ ಮಡಿವಾಳರ ಮನೆಯವರೇ ಚಳಿಯಲ್ಲಿ ಮಲಗಿದ್ದರು. ಅವಳ ಬಾಯಿಗೆ ಬೀಳುತ್ತಿದ್ದದ್ದು ನನ್ನ ಅರ್ಧ ಪಡಿಯ ಅನ್ನ. ಅದು ನಿಂತರೆ ಅವಳಿಗೂ ಇಲ್ಲ, ಅವಳ ಹಾಲು ಕುಡಿಯುವ ಕೂಸಿಗೂ ಇಲ್ಲ.

ಚಳಿ ಬಿಟ್ಟ ಒಂದು ದಿನ ಹಿತ್ತಿಲ ಬಾಗಿಲನ್ನು ಮುಂದೆ ಮಾಡಿ, ಸುತ್ತ ನೋಡಿ, ಪಂಚೆ ಎತ್ತಿ ಕಟ್ಟಿ, ಬಾಣಂತಿಯ ಸೀರೆ, ಕೂಸಿನ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆಯುತ್ತಿದ್ದೆ. ಕಳ್ಳತನ ಮಾಡುವವರು ಕೂಡ ಅಷ್ಟು ಸದ್ದಿಲ್ಲದೆ ಒಗೆಯಲಾರರು.

"ಏನ್ ರೈಟ್ರೇ, ಮಲ್ಗಿದ್ದೀರಾ?"

ತಿರುಗಿದೆ. ಬಿಳಿ ಹುಬ್ಬುಗಳು. ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಇವತ್ತು ಚಳಿ ಬರೋ ದಿನ ಅಲ್ಲ ಮೇಸ್ತ್ರಮ್ಮ. ನಾಳೆ ಬರುತ್ತೆ."

"ಅದು ಸೀಮೆಗೇ ಗೊತ್ತು. ಕೈಯಾಗೇನದು?"

"ಏನಿಲ್ಲ."

"ಏನಿಲ್ದಿದ್ರೆ ನೀರ್ಯಾಕೆ ಸೋರ್ತಾ ಐತೆ?"

ಪಂಚೆಯ ಹಿಂಭಾಗ ಆಗಲೇ ತೊಯ್ದು ತೊಪ್ಪೆಯಾಗಿತ್ತು. "ಇದೇನು ಕೆಲಸ ಅಲ್ಲ ಮೇಸ್ತ್ರಮ್ಮ," ಎಂದೆ. "ಸುಮ್ಮನೆ, ಮನೆಯಲ್ಲಿ ಹೆಂಗಸರು ಮಾಡ್ತಾರಲ್ಲ, ಅದು."

ಒಳಗೆ ತೊಟ್ಟಿಲು ತೂಗುತ್ತಿದ್ದ ಸದ್ದು ನಿಂತಿತು.

ಮೇಸ್ತ್ರಮ್ಮ ನನ್ನನ್ನೇ ನೋಡಿದರು. "ಕೆಲ್ಸ ಅಲ್ವಾ?"

"ನಾನು ಮಲಗಿದ್ದೆ ಅಂತ ಹೇಳಿಬಿಡಿ. ಬೇಕಾದರೆ ಪಡಿ ಹೋಗಲಿ, ಈ ಬಟ್ಟೆಯ ವಿಚಾರ ಮಾತ್ರ ಗಿರಣಿಯಲ್ಲಿ…"

"ಪಡಿ ಓದ್ರೆ ಬಾಣಂತಿ ನಿಮ್ಮ ಕೋಟು ತಿಂತಾಳಾ?" ಎಂದರು. ಆಮೇಲೆ ದನಿ ಇಳಿಸಿ, "ಸುಳ್ಳು ಯೋಳಾಕಿಲ್ಲ ಕಣಪ್ಪ. ನಿಜ ಯೋಳಿ ಆ ಚಿಕ್ಕತಾಯಿ ಒಟ್ಟೆ ಮೇಲೆ ಒಡ್ದಿವ್ನಿ. ಈಗ ಸುಳ್ಳು ಯೋಳಿ ನಿಮ್ಮೊಟ್ಟೆ ತುಂಬ್ಸಿದ್ರೆ ಅವ್ಳ ಮುಂದೆ ಎಂಗೆ ನಿಲ್ಲಲಿ?" ಎಂದರು.

ಬೆನ್ನ ಹಿಂದಿನ ಬಟ್ಟೆಯನ್ನು ಕಿತ್ತುಕೊಂಡು ತಾವೇ ಹಿಂಡಿದರು. "ಎರಡು ಕೈನೂ ಒಂದೇ ಕಡೆ ತಿರುವುದ್ರೆ ನೀರು ಎಲ್ಲಿ ಓಯ್ತದೆ? ಒಂದು ಅತ್ಲಾಗೆ, ಒಂದು ಇತ್ಲಾಗೆ. ನಡೀರಿ ಈಗ್ಲೇ. ನಾಳೆ ನಿಮ್ಗೆ ಪುರುಸೊತ್ತಿಲ್ಲ, ಚಳಿ ಐತೆ."

ಒದ್ದೆ ಪಂಚೆಯ ಮೇಲೆ ಕೋಟು ತೊಟ್ಟು ಆಕೆಯ ಹಿಂದೆ ಹೋದೆ. ಅಷ್ಟು ಗಾಂಭೀರ್ಯದಿಂದ ನೀರು ಸುರಿಸುತ್ತ ಮದ್ದೂರಿನ ಪೇಟೆಯಲ್ಲಿ ಯಾರೂ ನಡೆದಿರಲಾರರು.

ಸಾಹುಕಾರರು ಅಂಗಳದ ಕುರ್ಚಿಯಲ್ಲಿದ್ದರು. ಸುತ್ತ ಹೆಂಗಸರು ಕೇರುತ್ತಿದ್ದರು. "ಏನು ಮಾಡುತ್ತಿದ್ದ?" ಎಂದು ಕೇಳಿದರು.

"ಬಾಣಂತಿ ಬಟ್ಟೆ ಒಗೀತಾ ಇದ್ರು ಸ್ವಾಮಿ."

ಮೊರಗಳೆಲ್ಲ ಒಟ್ಟಿಗೆ ನಿಂತವು. ಆಮೇಲೆ ನಗು. ಮೂಟೆ ಹೊತ್ತು ನಿಂತಿದ್ದ ಹಮಾಲಿಯೊಬ್ಬ, "ರೈಟ್ರೇ, ನಮ್ಮನೇಲೂ ಒಂದು ಗಂಟೈತೆ, ಕಳುಸ್ಲಾ?" ಎಂದ. ಸಾಹುಕಾರರು ನಗು ತಡೆಯಲಾರದೆ, "ಥೂ, ಗಂಡಸೇನಯ್ಯ ನೀನು? ಅದೂ ಒಂದು ಕೆಲಸವೇ?" ಎಂದರು.

"ಕೆಲ್ಸ ಅಲ್ವಾ ಸ್ವಾಮಿ?" ಮೇಸ್ತ್ರಮ್ಮ ಕೇಳಿದರು, ಏನೂ ತಿಳಿಯದವರಂತೆ.

"ಮನೆಯಲ್ಲಿ ಹೆಂಗಸರು ಮಾಡೋದು ಕೆಲಸ ಹೇಗಾಗುತ್ತಮ್ಮ? ಇವನ ಪಡಿ ಇರಲಿ ಬಿಡು. ನಾಚಿಕೆಯೇ ಸಾಕು ಶಿಕ್ಷೆ."

"ಒಳ್ಳೇದು ಸ್ವಾಮಿ. ಚಿಕ್ಕತಾಯಿ ನೀರು ಒತ್ತಿದ್ದೂ ಮನೇಗೇಯಾ."

ನಗು ಉಡುಗಿತು. ಸಾಹುಕಾರರು ತಮ್ಮ ಬೆತ್ತವನ್ನು ಮೊದಲ ಸಲ ಕಂಡವರಂತೆ ನೋಡಿದರು. ನೀರು ಹೊರುವುದು ಕೆಲಸವಾದರೆ ಒಗೆಯುವುದೂ ಕೆಲಸ. ನನ್ನ ಪಡಿ ಹೋಗಬೇಕು. ಒಗೆಯುವುದು ಕೆಲಸವಲ್ಲವಾದರೆ ಚಿಕ್ಕತಾಯಮ್ಮನ ಪಡಿ ಬರಬೇಕು. ಸಾಹುಕಾರರು ನನ್ನ ಕಡೆ ತಿರುಗಿದರು.

"ನೀನು ಓದಿದವನು. ಹೇಳಯ್ಯ, ಅದು ಕೆಲಸವೋ ಅಲ್ಲವೋ?"

ಬೆಳಗಿನಿಂದ ಒಗೆದು ನನ್ನ ಸೊಂಟ ಬಿದ್ದುಹೋಗಿತ್ತು. ಬೆರಳುಗಳು ಸೀಗೆಯಲ್ಲಿ ಸುಲಿದಿದ್ದವು. ಎದುರಿಗೆ ಇನ್ನೂ ಜ್ವರ ಬಿಡದ ಚಿಕ್ಕತಾಯಮ್ಮ ಮೊರವನ್ನು ಎದೆಗೆ ಒತ್ತಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಸುತ್ತ ಇದ್ದ ಅಷ್ಟೂ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ನೀರು ಹೊತ್ತು, ರಾಗಿ ಬೀಸಿ, ಬಟ್ಟೆ ಒಗೆದು ಗಿರಣಿಗೆ ಬಂದವರು.

"ಅಲ್ಲ ಸ್ವಾಮಿ," ಎಂದೆ. "ಕೆಲಸ ಅಲ್ಲ."

"ಸರಿ, ಇಬ್ಬರಿಗೂ ಪಡಿ," ಎಂದು ಸಾಹುಕಾರರು ಎದ್ದುಹೋದರು. ಚಿಕ್ಕತಾಯಮ್ಮ ಮೊರ ಕೆಳಗಿಟ್ಟು ಮನೆಗೆ ಹೋದಳು. ಯಾರೂ ನಗಲಿಲ್ಲ. ಹೆಂಗಸರೆಲ್ಲ ತಲೆ ತಗ್ಗಿಸಿ ಕೇರತೊಡಗಿದರು. ಮೇಸ್ತ್ರಮ್ಮ ಗೇಟಿನವರೆಗೆ ನನ್ನ ಜೊತೆ ಬಂದರು.

"ಪಡಿ ಬಂತು ಬುಡಿ," ಎಂದರು. ಗೇಟಿಗೆ ಕೈಯಿಟ್ಟು, "ಆದ್ರೆ ನಾವು ಇಷ್ಟು ವರ್ಸ ಮಾಡಿದ್ದು ಏನು ಅಂತ ಯಾರನ್ನ ಕೇಳಾದು?" ಎಂದರು. ಉತ್ತರಕ್ಕೆ ಕಾಯದೆ ಒಳಕ್ಕೆ ಹೋದರು.

ಮನೆಗೆ ಬಂದರೆ ಹಿತ್ತಿಲ ಕಲ್ಲಿನ ಮೇಲೆ ನಾನು ಬಿಟ್ಟುಹೋಗಿದ್ದ ಬಟ್ಟೆಗಳಿರಲಿಲ್ಲ. ಬಾಣಂತಿ ಎದ್ದುಬಂದು ಒಗೆದು ಹರವಿದ್ದಳು. "ಯಾಕೆ ಒಗೆದೆ? ತಣ್ಣೀರು ಮುಟ್ಟಬಾರದು ಅಲ್ಲವೇ?" ಎಂದೆ. "ಕೆಲಸ ಅಲ್ಲವಲ್ಲ," ಎಂದಳು. ಅದರ ಮೇಲೆ ಅವಳು ಬಹಳ ದಿನ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಯುದ್ಧ ಮುಗಿಯಿತು. ಅಂಗಡಿಗಳಲ್ಲಿ ಬಾವುಟದ ಬಟ್ಟೆ ಮಾರುವ ಕಾಲಕ್ಕೆ ಮೇಸ್ತ್ರಮ್ಮನಿಗೆ ಕೆಮ್ಮು ಹತ್ತಿತ್ತು. ಎಷ್ಟೋ ವರ್ಷ ಕುಡಿದ ತೌಡು ಎದೆಯಲ್ಲಿ ಕೂತಿತ್ತು. ಆಕೆ ಸಂತೆಗೆ ಬರುವುದು ನಿಂತು ಆಗಲೇ ಬಹಳ ಕಾಲವಾಗಿತ್ತು. ಪಡಿ ಬೇಡವೆಂದರು, ಹೆಂಗಸರು ಬಲವಂತವಾಗಿ ಒಪ್ಪಿಸಿದರು. ಈಗ ತಪಾಸಣೆಗೆ ಹೋಗುವವರು ಯಾರು? ಸಾಹುಕಾರರು ನನ್ನನ್ನೇ ಅಟ್ಟಿದರು.

ಮಳವಳ್ಳಿ ದಾರಿಯ ಪಕ್ಕದಲ್ಲಿ ಆಕೆಯ ಗುಡಿಸಲು. ನಾನು ಮುಂಬಾಗಿಲಿನಿಂದಲೇ ಹೋದೆ. ಆಕೆ ಗೋಡೆಗೆ ಒರಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ಒಗೆಯದ ಬಟ್ಟೆಯ ರಾಶಿ.

"ಸಿಕ್ಕಾಕ್ಕೊಂಡೆ ಕಣಪ್ಪ," ಎಂದು ಕೆಮ್ಮುತ್ತ ನಕ್ಕರು. "ಓಗಿ ಯೋಳಿ."

ನಾನು ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಬಟ್ಟೆಯ ರಾಶಿ ಎತ್ತಿಕೊಂಡು ಬೀದಿಯ ಕಡೆಗೇ ಇದ್ದ ಕಲ್ಲಿನ ಹತ್ತಿರ ಹೋದೆ.

"ಅಯ್ಯೋ ಬುಡಿ ರೈಟ್ರೇ, ಜನ ನೋಡ್ತಾರೆ!"

"ನೋಡಲಿ."

ಹಟ್ಟಿಯ ಹೆಂಗಸರು ನೋಡಿದರು. ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಎತ್ತು ನಿಲ್ಲಿಸಿಯೇ ನೋಡಿದ. ಮೇಸ್ತ್ರಮ್ಮ ತಡೆಯಲಾರದೆ ಒಳಗಿನಿಂದಲೇ ಕೂಗಿದರು: "ಒಂದು ಅತ್ಲಾಗೆ, ಒಂದು ಇತ್ಲಾಗೆ!"

ಗಿರಣಿಯಲ್ಲಿ ಸಾಹುಕಾರರು ಕೇಳಿದರು, "ಅಲ್ಲಿ ಏನಾದರೂ ಕೆಲಸ ನಡೆಯುತ್ತಿತ್ತೇನಯ್ಯ?"

"ನಡೆಯುತ್ತಿತ್ತು ಸ್ವಾಮಿ. ನಾನು ಮಾಡುತ್ತಿದ್ದೆ."

"ಏನು ಕೆಲಸ?"

"ಬಟ್ಟೆ ಒಗೆದೆ."

ಅವರು ನನ್ನ ಮುಖ ನೋಡಿದರು. ಅಂಗಳದಲ್ಲಿ ಮೊರಗಳು ಒಂದು ಗಳಿಗೆ ನಿಂತು, ಮತ್ತೆ ನಡೆದವು.

ಆ ಮಾತನ್ನು ಮೇಸ್ತ್ರಮ್ಮನಿಗೆ ಯಾರಾದರೂ ಮುಟ್ಟಿಸಿದರೋ ಇಲ್ಲವೋ ಕಾಣೆ. ನಾನು ಮುಟ್ಟಿಸಲಿಲ್ಲ, ಆ ಒಂದು ಮಾತಿಗೆ ಅಷ್ಟು ವರ್ಷ ಬೇಕಾಯಿತೇ ಎಂದು ಆಕೆ ಕೇಳುತ್ತಿದ್ದರು. ಆ ಸಲದ ಹೊಸ ಭತ್ತ ಗಿರಣಿಗೆ ಬರುವ ಮೊದಲೇ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಚಿಕ್ಕತಾಯಮ್ಮ ಮತ್ತು ಇತರ ಹೆಂಗಸರು ಮೀಯಿಸಿ, ಹೊಸ ಸೀರೆ ಉಡಿಸಿ, ಬಾಗಿಲಲ್ಲಿ ಕೂರಿಸಿದ್ದರು. ಇನ್ನು ಗುರುತು ಸಿಗುವುದಿಲ್ಲವೆಂದುಕೊಂಡೇ ಹತ್ತಿರ ಹೋಗಿ ನೋಡಿದೆ.

ಮಿಂದ ಮೇಲೂ ಹುಬ್ಬುಗಳು ಬೆಳ್ಳಗೇ ಇದ್ದವು.